ಏಳು ರಾತ್ರಿಯ ರಜೆಗೆ ಇಪ್ಪತ್ತೈದು ವರ್ಷದ ಬಾಕಿ

ಯಡ್ತರೆ ಜಂಕ್ಷನ್ನಿನಲ್ಲಿ ಕೊಲ್ಲೂರು ಬಸ್ಸಿಗೆ ಕಾಯುವವರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನವರಾತ್ರಿಗೆ ಕೊಲ್ಲೂರಿನಲ್ಲಿ ರೂಮು ಸಿಗುವುದಿಲ್ಲ. ವಿಜಯದಶಮಿಗೆ ಮಕ್ಕಳ ವಿದ್ಯಾರಂಭ ಮಾಡಿಸಲು ಕೇರಳದಿಂದ ಬರುವವರು ಬಹಳ ಮೊದಲೇ ಹೇಳಿಟ್ಟಿರುತ್ತಾರೆ. ಅದೇ ಊರಿಗೆ ಆಸಾಡಿಯ ಜಡಿಮಳೆಯಲ್ಲಿ ಹೋದರೆ ಲಾಡ್ಜಿನವರು ಬಾಗಿಲಲ್ಲೇ ನಿಂತು ಕರೆಯುತ್ತಾರೆ. ರೂಮು ಅದೇ, ಮಂಚ ಅದೇ, ಬಕೇಟೂ ಅದೇ. ದಿನ ಮಾತ್ರ ಬೇರೆ. ರೂಮಿನ ವ್ಯಾಪಾರವೆಂದರೆ ಗೋಡೆ ಮಾಡಿನ ವ್ಯಾಪಾರವಲ್ಲ, ದಿನದ ವ್ಯಾಪಾರ ಎಂಬುದು ಈ ಭಾಗದ ಮಕ್ಕಳಿಗೂ ಗೊತ್ತು.

ಇಷ್ಟು ಗೊತ್ತಿದ್ದ ಜನ ಟೈಮ್‌ಶೇರ್ ಎಂಬ ಮಾಲಿನ ಎದುರು ಕುಳಿತಾಗ ಮಾತ್ರ ಅದನ್ನು ಯಾಕೆ ಮರೆಯುತ್ತಾರೆ?

ವ್ಯಾಪಾರ ನಡೆಯುವ ಕ್ರಮ ಹೀಗೆ. ಮಂಗಳೂರಿನ ಮಾಲಿನಲ್ಲೋ ಯಾವುದೋ ವಸ್ತುಪ್ರದರ್ಶನದಲ್ಲೋ ಒಂದು ಕೂಪನ್ನು ತುಂಬಿಸಿ ಡಬ್ಬಕ್ಕೆ ಹಾಕಿದ್ದು ನೆನಪೇ ಇರುವುದಿಲ್ಲ. ಕೆಲವು ದಿನ ಕಳೆದು ಫೋನು ಬರುತ್ತದೆ. ‘ಸಾರ್, ನಿಮಗೆ ಬಹುಮಾನ ಬಂದಿದೆ. ಎರಡು ರಾತ್ರಿ ಮೂರು ದಿನ ಗೋವಾ ಫ್ರೀ. ಭಾನುವಾರ ಸಂಜೆ ಹೋಟೆಲಿಗೆ ಬಂದು ತೆಗೆದುಕೊಂಡು ಹೋಗಿ. ಮೇಡಮ್ಮನ್ನೂ ಕರೆದುಕೊಂಡೇ ಬರಬೇಕು.’ ಮೇಡಂ ಯಾಕಪ್ಪಾ ಎಂದರೆ, ‘ಮನೆಯಲ್ಲಿ ಕೇಳಿ ಹೇಳ್ತೇನೆ’ ಎಂದು ಎದ್ದು ಬರುವುದಕ್ಕೆ ಗಂಡಸಿಗೆ ಒಂದು ದಾರಿ ಇದೆಯಲ್ಲ, ಅದನ್ನು ಮೊದಲೇ ಮುಚ್ಚುವುದಕ್ಕೆ. ಅಲ್ಲಿ ಚಾ ಉಂಟು, ಪಾಡಿ ಹಾಡು ಉಂಟು, ಗೋಡೆಯ ಮೇಲೆ ಸ್ವಿಜರ್ಲೆಂಡಿನ ಹಿಮ ಉಂಟು. ಗಂಟೆಗೊಮ್ಮೆ ಯಾರೋ ಎದ್ದು ನಿಂತು, ಇಂಥವರು ಈಗಷ್ಟೇ ಸದಸ್ಯರಾದರು ಅಂತ ಕೂಗುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹೇಳಿದ ಬೆಲೆ ಇವತ್ತಿಗೆ ಮಾತ್ರ. ನಾಳೆ ಬಂದರೆ ಒಂದು ಲಕ್ಷ ಜಾಸ್ತಿ. ಒಂದು ಕ್ವಿಂಟಾಲು ಅಕ್ಕಿಗೆ ಮೂರು ಅಂಗಡಿ ವಿಚಾರಿಸುವ ಮನುಷ್ಯ ಮೂರು ತಾಸಿನಲ್ಲಿ ಇಪ್ಪತ್ತೈದು ವರ್ಷಕ್ಕೆ ಸಹಿ ಹಾಕಿ ಹೊರಗೆ ಬರುತ್ತಾನೆ.

ಬೈಂದೂರು, ಕುಂದಾಪುರ ಕಡೆಯವರಿಗೆ ಇದು ಇನ್ನಷ್ಟು ಶೋಭೆ ತರದ ಸಂಗತಿ. ಬೊಂಬಾಯಿ, ಬೆಂಗಳೂರಿನಲ್ಲಿ ಹೋಟೆಲು ಲಾಡ್ಜು ನಡೆಸಿ ಹೆಸರು ಮಾಡಿದ ಜನ ಇವರು. ಖಾಲಿ ರೂಮು ಎಂದರೆ ಕೊಳೆಯುವ ಸರಕು, ಇವತ್ತಿನ ರಾತ್ರಿಯನ್ನು ನಾಳೆ ಮಾರಲಿಕ್ಕಾಗುವುದಿಲ್ಲ ಎಂಬುದನ್ನು ಕೌಂಟರಿನ ಹಿಂದೆ ಕುಳಿತು ಕಲಿತವರು. ಇನ್ನು ಉಳಿತಾಯದ ವಿಷಯಕ್ಕೆ ಬಂದರೆ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರು ಮಾಡಿದ್ದು ಇದೇ ಸೀಮೆಯಲ್ಲಿ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿಯ ಅಭ್ಯಾಸ ಮಾತ್ರ ಹೋಗಲಿಲ್ಲ. ಹಾಗೆ ಕೂಡಿಟ್ಟ ದುಡ್ಡಿಗೇ ಈಗ ಹಿಮದ ಚಿತ್ರ ತೋರಿಸುತ್ತಿರುವುದು.

ಟೈಮ್‌ಶೇರ್ ಎಂದರೆ ಮೋಸ ಎಂದು ಹೇಳಲಿಕ್ಕೆ ಹೊರಟದ್ದಲ್ಲ. ಇದು 1960ರ ದಶಕದಲ್ಲಿ ಯೂರೋಪಿನಲ್ಲಿ ಹುಟ್ಟಿದ ಪದ್ಧತಿ. ರಜೆಯ ಮನೆಯೊಂದನ್ನು ಒಬ್ಬನೇ ಕೊಳ್ಳಲಾಗದಿದ್ದರೆ ಐವತ್ತು ಜನ ಸೇರಿ ವಾರದ ಲೆಕ್ಕದಲ್ಲಿ ಕೊಳ್ಳುವುದು ಎಂಬುದು ಮೂಲದ ಯೋಚನೆ. ಯೋಚನೆ ಕೆಟ್ಟದ್ದಲ್ಲ. ಭಾರತದಲ್ಲಿ 1986ರಲ್ಲಿ ಮದ್ರಾಸಿನ ಸ್ಟರ್ಲಿಂಗ್ ಕಂಪೆನಿ ಹುಟ್ಟಿತು, ಹತ್ತು ವರ್ಷದ ಮೇಲೆ 1996ರಲ್ಲಿ ಮಹೀಂದ್ರದವರು ಬಂದರು. ನಡುವೆ ಹುಟ್ಟಿದ ಸಣ್ಣಪುಟ್ಟ ಕಂಪೆನಿಗಳಿಗೆ ಲೆಕ್ಕವಿಲ್ಲ. ಇಲ್ಲಿ ಮಾರುವುದು ಸಾಮಾನ್ಯವಾಗಿ ಮನೆಯ ಪಾಲನ್ನಲ್ಲ, ವರ್ಷಕ್ಕೆ ಏಳು ರಾತ್ರಿ ತಂಗುವ ಹಕ್ಕನ್ನು. ಸ್ಥಿರಾಸ್ತಿ ಎಂಬ ಭಾವನೆ ಬೇಡ. ಪಹಣಿಯಲ್ಲಿ ಹೆಸರು ಬರುವುದಿಲ್ಲ. ಕೈಗೆ ಬರುವುದು ಸದಸ್ಯತ್ವದ ಕಾರ್ಡು ಮತ್ತು ಸಣ್ಣ ಅಕ್ಷರದ ಒಂದು ಪುಸ್ತಕ. ಆ ಪುಸ್ತಕದ ತುಂಬ ಮತ್ತೆ ಮತ್ತೆ ಬರುವ ಒಂದು ಮಾತುಂಟು: ‘ಲಭ್ಯತೆಗೆ ಒಳಪಟ್ಟು’. ಕನ್ನಡದಲ್ಲಿ ಬಿಡಿಸಿ ಹೇಳುವುದಾದರೆ, ಖಾಲಿ ಇದ್ದರೆ ಕೊಡುತ್ತೇವೆ.

ಮೇಜಿನ ಮೇಲೆ ಬಾಯಲ್ಲಿ ಮಾರುವುದು ‘ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ’. ಕಾಗದದಲ್ಲಿ ಬರೆದು ಕೊಡುವುದು ‘ಖಾಲಿ ಇದ್ದರೆ’. ತಕರಾರು ಇರುವುದೆಲ್ಲ ಈ ಎರಡರ ನಡುವೆ.

ಖಾಲಿ ಯಾವಾಗ ಇರುತ್ತದೆ? ಒಂದು ಲೆಕ್ಕ ಹಾಕಿ ನೋಡಿ. ನೂರು ರೂಮಿನ ಒಂದು ರಿಸಾರ್ಟು. ರಿಪೇರಿಗೆ ಎರಡು ವಾರ ಬಿಟ್ಟು ಉಳಿದ ಐವತ್ತು ವಾರವನ್ನು ಮಾರಿದರೆ 5,000 ಸದಸ್ಯರಾದರು. ಶಾಲೆಗೆ ಬೇಸಗೆ ರಜೆ, ದಸರಾ ರಜೆ, ಕ್ರಿಸ್ಮಸ್ಸು ಎಲ್ಲ ಕೂಡಿಸಿದರೆ ಹೆಚ್ಚುಕಡಿಮೆ ಹತ್ತು ವಾರ. ಆ ಹತ್ತು ವಾರಕ್ಕೆ ಇರುವುದು 1,000 ಜಾಗ. ಮಕ್ಕಳಿರುವ ಮನೆಯವರಿಗೆಲ್ಲ ಬೇಕಾದದ್ದು ಅದೇ 1,000. ಉಳಿದ 4,000 ಜನ ಪರೀಕ್ಷೆಯ ಸಮಯದಲ್ಲೋ ಮಳೆಯಲ್ಲೋ ಹೋಗಬೇಕು. ಕಂಪೆನಿಯವರು ಇದಕ್ಕೆ ಬಣ್ಣದ ವ್ಯವಸ್ಥೆ ಮಾಡಿರುತ್ತಾರೆ. ಒಂದು ಬಣ್ಣದವರಿಗೆ ವರ್ಷವಿಡೀ ಬಾಗಿಲು ತೆರೆದಿದೆ, ಬೆಲೆಯೂ ಹಾಗೇ ಇದೆ. ಅಗ್ಗದ ಬಣ್ಣದವರಿಗೆ ರಜಾ ದಿನಗಳಲ್ಲಿ ಬಾಗಿಲೇ ಇಲ್ಲ. ಇದರಲ್ಲಿ ಅನ್ಯಾಯವಿಲ್ಲ, ಬಸ್ಸಿನಲ್ಲಿ ಎಕ್ಸ್‌ಪ್ರೆಸ್ಸು ಲೋಕಲ್ಲು ಇಲ್ಲವೇ, ಹಾಗೆ. ಆದರೆ ಮಾರುವವನು ಚಿತ್ರ ತೋರಿಸುವುದು ದುಬಾರಿ ಬಣ್ಣದ ವಾರದ್ದು, ಬೆಲೆ ಹೇಳುವುದು ಅಗ್ಗದ ಬಣ್ಣದ್ದು. ದುಬಾರಿ ಬಣ್ಣ ಕೊಂಡವನಿಗೂ ಜಾಗ ಗ್ಯಾರಂಟಿಯಲ್ಲ, ಕ್ಯೂವಿನಲ್ಲಿ ನಿಲ್ಲುವ ಹಕ್ಕು ಅಷ್ಟೇ. ತಿಂಗಳುಗಳ ಮೊದಲೇ ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಎದ್ದು ಕುಳಿತವರಿಗೆ ಸಿಗುತ್ತದೆ. ಏಳು ರಾತ್ರಿಯನ್ನು ತುಂಡು ಮಾಡಿ ಶನಿವಾರ ಭಾನುವಾರಕ್ಕೆ ಬಳಸುವ ಪೇಟೆಯವರು ವಾರಾಂತ್ಯಗಳನ್ನು ಮೊದಲೇ ಹಿಡಿದಿರುತ್ತಾರೆ. ಸದಸ್ಯನಿಗೆ ಇಲ್ಲ ಎಂದ ರೂಮು ಅದೇ ದಿನಕ್ಕೆ ರೊಕ್ಕ ಕೊಡುವ ಹೊರಗಿನವನಿಗೆ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ ಎಂಬುದು ಹಳೆಯ ಸದಸ್ಯರು ಆಗಾಗ ಹೇಳುವ ದೂರು.

ಈಗ ಯಡ್ತರೆಯ ಅಂಗಡಿಯವನ ಪಂಚಾಂಗ ತೆಗೆಯಿರಿ. ದಸರಾದಿಂದ ದೀಪಾವಳಿವರೆಗೆ ಅಂಗಡಿ ಬಿಡುವಂತಿಲ್ಲ. ಅಲ್ಲಿಂದ ಮೇ ಮುಗಿಯುವವರೆಗೆ ಮದುವೆ, ಹಬ್ಬ, ಕೋಲ, ಆಟ, ಊರಿಗೆ ಬರುವ ಬೊಂಬಾಯಿಯವರು. ಜೂನಿನಲ್ಲಿ ಕೊಡೆ, ಪುಸ್ತಕ, ಚೀಲ. ಸ್ವಲ್ಪ ಉಸಿರು ಬಿಡುವುದು ಆಸಾಡಿಯಲ್ಲಿ. ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ, ಪೇಟೆಯಲ್ಲಿ ದುಡ್ಡಿನ ಓಡಾಟವೇ ಕಡಿಮೆ. ಆಗ ರಿಸಾರ್ಟಿನಲ್ಲಿ ಜಾಗ ಧಾರಾಳ ಸಿಗುತ್ತದೆ, ನಿಜ. ಆದರೆ ಆಸಾಡಿ ಮಳೆ ನೋಡಲಿಕ್ಕೆ ಮಡಿಕೇರಿಗೆ ಯಾಕೆ ಹೋಗಬೇಕು ಮಾರಾಯ್ರೆ, ಒತ್ತಿನೆಣೆ ಗುಡ್ಡದ ಮೇಲೆ ಬೇಕಾದಷ್ಟು ಉಂಟಲ್ಲ? 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜರಿದು ರಸ್ತೆ ಹೋದಾಗ ಅಲ್ಲಿಗೆ ಪ್ರವಾಸಿಗಳು ಹೋಗುವಂತೆಯೇ ಇರಲಿಲ್ಲ. ಮಕ್ಕಳಿಗೂ ಆಗ ಶಾಲೆ. ಅಂಗಡಿಯವನಿಗೆ ಬಿಡುವಿದ್ದಾಗ ಮಕ್ಕಳಿಗೆ ಬಿಡುವಿಲ್ಲ, ಇಬ್ಬರಿಗೂ ಬಿಡುವಿದ್ದಾಗ ರೂಮಿಲ್ಲ. ದಿನಾ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋಗಿಬರುವ ಗುಮಾಸ್ತನಿಗೆ ಮೇಲಧಿಕಾರಿ ಒಂದು ವಾರದ ಮೊದಲು ರಜೆ ಮಂಜೂರು ಮಾಡಿದರೆ ಪುಣ್ಯ. ಆರು ತಿಂಗಳ ಮೊದಲು ರೂಮು ಹಿಡಿಯುವುದು ಹೇಗೆ?

ಇಷ್ಟು ಹೇಳಿದಾಗ ಮಾರುವವನು ಕೊನೆಯ ಎಲೆ ಇಳಿಸುತ್ತಾನೆ. ‘ಇಲ್ಲಿ ಬೇಡವೆಂದರೆ ಬಿಡಿ ಸಾರ್, ವಿನಿಮಯ ಮಾಡಿಕೊಳ್ಳಿ. ನಿಮ್ಮ ವಾರ ಕೊಟ್ಟು ಸಿಂಗಾಪುರದಲ್ಲಿ ಒಂದು ವಾರ ತೆಗೆದುಕೊಳ್ಳಿ.’

ವಿನಿಮಯ ಎಂಬುದು ಇಲ್ಲಿಯವರಿಗೆ ಹೊಸತಲ್ಲ. ನಟ್ಟಿಯ ಕಾಲದಲ್ಲಿ ಮುಯ್ಯಾಳು ಹೋಗುವುದು ಅದೇ. ಇವತ್ತು ಅವರ ಗದ್ದೆಗೆ ಇವರು, ನಾಳೆ ಇವರ ಗದ್ದೆಗೆ ಅವರು. ರಜೆಯ ಮುಯ್ಯಿಗೆ ಅಮೆರಿಕೆಯ ಇಂಡಿಯಾನಾ ರಾಜ್ಯದಲ್ಲಿ 1974ರಲ್ಲಿ ಆರ್‌ಸಿಐ ಎಂಬ ಸಂಸ್ಥೆ ಹುಟ್ಟಿತು, 1976ರಲ್ಲಿ ಇಂಟರ್‌ವಲ್ ಎಂಬುದು ಇನ್ನೊಂದು. ನೂರಕ್ಕೂ ಮೇಲ್ಪಟ್ಟ ದೇಶಗಳಲ್ಲಿ ಸಾವಿರಾರು ರಿಸಾರ್ಟು ತನ್ನ ಪಟ್ಟಿಯಲ್ಲಿವೆ ಎಂದು ಆರ್‌ಸಿಐ ಹೇಳಿಕೊಳ್ಳುತ್ತದೆ. ಪಟ್ಟಿಯಲ್ಲಿ ರಿಸಾರ್ಟು ಇದೆ ಎಂಬುದಕ್ಕೂ ಬೇಕಾದ ವಾರ ಅಲ್ಲಿ ಇದೆ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಯಾರೂ ಹೇಳುವುದಿಲ್ಲ. ವಿನಿಮಯದ ರಾಶಿಯಲ್ಲಿ ಬೀಳುವುದು ಯಾರೋ ಒಬ್ಬ ಸದಸ್ಯ ತನಗೆ ಬೇಡವೆಂದು ಬಿಟ್ಟ ವಾರ. ಸಿಂಗಾಪುರದಲ್ಲಿ ಡಿಸೆಂಬರ್ ಕೊನೆಯ ವಾರವನ್ನು ಬೇಡವೆನ್ನುವ ಪುಣ್ಯಾತ್ಮ ಎಷ್ಟು ಜನ? ಮುಯ್ಯಾಳಿನಲ್ಲಿ ಒಂದು ಆಳಿಗೆ ಒಂದು ಆಳು ಸಮ. ಇಲ್ಲಿ ವಾರಕ್ಕೆ ತೂಕ ಉಂಟು. ಸೀಸನ್ ಯಾವುದು, ಊರಿಗೆ ಬೇಡಿಕೆ ಎಷ್ಟು, ರೂಮು ಎಷ್ಟು ದೊಡ್ಡದು, ಎಷ್ಟು ಮುಂಚಿತವಾಗಿ ರಾಶಿಗೆ ಹಾಕಿದ್ದು ಎಂದೆಲ್ಲ ನೋಡಿ ಒಂದು ಶಕ್ತಿ ನಿಗದಿ ಮಾಡುತ್ತಾರೆ. ಮಳೆಗಾಲದ ಸಣ್ಣ ರೂಮಿನ ವಾರ ಹಾಕಿದವನಿಗೆ ಅದೇ ತೂಕದ್ದು ಸಿಗುತ್ತದೆ. ತೆಂಗಿನಕಾಯಿ ಹಾಕಿ ಗೇರುಬೀಜ ತೆಗೆಯಲಿಕ್ಕಾಗುವುದಿಲ್ಲ.

ಮುಯ್ಯಾಳಿಗೆ ಫೀಸು ಕೊಟ್ಟವರು ಇದ್ದಾರೆಯೇ? ಇಲ್ಲಿ ಎಲ್ಲದಕ್ಕೂ ಫೀಸು. ವಿನಿಮಯ ಸಂಸ್ಥೆಗೆ ಸದಸ್ಯತ್ವ ಬೇರೆ. ಮೊದಲ ಕೆಲವು ವರ್ಷ ಕಂಪೆನಿ ಕಟ್ಟಿ, ಆಮೇಲೆ ಸದಸ್ಯನೇ ಕಟ್ಟುವಂತೆ ಬಿಡುವುದುಂಟು. ಪ್ರತಿ ಸಲ ಅದಲುಬದಲು ಮಾಡುವಾಗ ವಿನಿಮಯ ಶುಲ್ಕ. ತಾನು ಹೋಗದೆ ಮಗಳು ಅಳಿಯನನ್ನು ಕಳಿಸಿದರೆ ಅತಿಥಿ ಪತ್ರಕ್ಕೆ ಶುಲ್ಕ. ರಾಶಿಗೆ ಹಾಕಿದ ವಾರಕ್ಕೆ ಅವಧಿ ಇದೆ, ಮೀರಿದರೆ ವಾರ ಹೋಯಿತು. ಉಳಿಸಿಕೊಳ್ಳಬೇಕೆಂದರೆ ಅದಕ್ಕೂ ಶುಲ್ಕ. ಅಲ್ಲಿ ಹೋಗಿ ಇಳಿದ ಮೇಲೆ ಕೆಲವು ರಿಸಾರ್ಟಿನವರು ಕರೆಂಟು ನೀರಿಗೆ ಬೇರೆ ತೆಗೆದುಕೊಳ್ಳುತ್ತಾರೆ, ಕೆಲವು ಕಡೆ ಊಟ ಅಲ್ಲೇ ಮಾಡಬೇಕೆಂಬ ಕಡ್ಡಾಯ. ವಿಮಾನದ ಟಿಕೇಟು, ವೀಸಾ ಮೊದಲಿಂದಲೂ ಸ್ವಂತದ್ದೇ, ಅದೂ ರಜೆಯ ದರದಲ್ಲಿ. ‘ಫ್ರೀ ತಂಗುವುದು’ ಎಂದು ಹೊರಟವರು ರೂಮಿನ ಬಾಡಿಗೆಯೊಂದನ್ನು ಬಿಟ್ಟು ಉಳಿದೆಲ್ಲ ಕೊಟ್ಟು ಬರುತ್ತಾರೆ. ರೂಮಿನ ಬಾಡಿಗೆಯನ್ನಾದರೂ ಬಿಟ್ಟಿದ್ದಾರೆಯೇ ಎಂಬುದಕ್ಕೆ ಪೆನ್ಸಿಲು ಹಿಡಿಯಬೇಕು.

ಲೆಕ್ಕಕ್ಕೆ ಮಾತ್ರ ಒಂದು ಮೊತ್ತ ಇಟ್ಟುಕೊಳ್ಳಿ. ಸದಸ್ಯತ್ವ 4 ಲಕ್ಷ ರೂಪಾಯಿ, 25 ವರ್ಷ, ವರ್ಷಕ್ಕೆ ಏಳು ರಾತ್ರಿ. ಮೇಲೆ ಶೇ. 18ರ ಜಿಎಸ್‌ಟಿ 72,000. ಒಟ್ಟು 4,72,000. ಇದಲ್ಲದೆ ವರ್ಷ ವರ್ಷ ನಿರ್ವಹಣೆಗೆಂದು ಕಟ್ಟುವ ಶುಲ್ಕ 20,000 ಎನ್ನಿ, ತೆರಿಗೆ ಸೇರಿ 23,600. ಇದು ಹೋದ ವರ್ಷಕ್ಕೂ ಕಟ್ಟಬೇಕು, ಹೋಗದ ವರ್ಷಕ್ಕೂ ಕಟ್ಟಬೇಕು, ಕಟ್ಟದಿದ್ದರೆ ಬುಕಿಂಗೇ ಇಲ್ಲ. ಶುಲ್ಕ ಒಂದು ರೂಪಾಯಿಯೂ ಏರಲಿಲ್ಲ ಎಂದೇ ಹಿಡಿದರೂ 25 ವರ್ಷಕ್ಕೆ 5,90,000. ಮೊದಲಿನದೂ ಸೇರಿ 10,62,000. ಒಂದು ವರ್ಷವೂ ತಪ್ಪದೆ ಏಳಕ್ಕೆ ಏಳೂ ರಾತ್ರಿ ಉಳಿದು ಬಂದರೆ ರಾತ್ರಿಗೆ 6,069 ರೂಪಾಯಿ ಬೀಳುತ್ತದೆ. ಸಾವು, ಸೂತಕ, ಬಾಣಂತನ, ಪರೀಕ್ಷೆ, ಅಂಗಡಿ ಎಂದು ಹತ್ತು ವರ್ಷ ತಪ್ಪಿ ಹದಿನೈದು ವರ್ಷ ಮಾತ್ರ ಹೋದರೆ ರಾತ್ರಿಗೆ 10,114. ಇದು ಊಟ ತಿಂಡಿ ಬಿಟ್ಟು.

ಆದರೆ ಶುಲ್ಕ ಏರದೆ ಇರುವುದುಂಟೇ? ವರ್ಷಕ್ಕೆ ಶೇ. 5 ಏರಿದರೆ ಇಪ್ಪತ್ತೈದನೆಯ ವರ್ಷ ಕಟ್ಟಬೇಕಾದ್ದು ಸುಮಾರು 76,000 ರೂಪಾಯಿ. ಅಷ್ಟೂ ವರ್ಷದ್ದು ಕೂಡಿಸಿದರೆ 11 ಲಕ್ಷ 26 ಸಾವಿರದ ಮೇಲೆ, ಅಂದರೆ ಸದಸ್ಯತ್ವಕ್ಕೆ ಕೊಟ್ಟದ್ದರ ಎರಡೂವರೆ ಪಾಲಿನ ಹತ್ತಿರ. ಬೆಲೆ ಕೇಳುವಾಗ ಎಲ್ಲರೂ ಕೇಳುವುದು ಮೊದಲಿನ ನಾಲ್ಕು ಲಕ್ಷವನ್ನು. ನಿಜವಾದ ಬೆಲೆ ಇರುವುದು ಯಾರೂ ಕೇಳದ ಈ ವಾರ್ಷಿಕ ಶುಲ್ಕದಲ್ಲಿ. ಮೊದಲಿನ ಹಣವನ್ನು ಕಂತಿನಲ್ಲಿ ಕಟ್ಟಿದವರಿಗೆ ಬಡ್ಡಿ ಬೇರೆ.

ಅದೇ 4,72,000 ರೂಪಾಯಿಯನ್ನು ಶೇ. ಆರೂವರೆಯ ನಿಶ್ಚಿತ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 30,680 ಬಡ್ಡಿ. ವಾರ್ಷಿಕ ಶುಲ್ಕದ 23,600 ಉಳಿಯಿತಲ್ಲ, ಅದನ್ನೂ ಸೇರಿಸಿದರೆ 54,280. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ 7,754 ರೂಪಾಯಿಯ ರೂಮು, ಬೇಕಾದ ಊರಿನಲ್ಲಿ, ಬೇಡವಾದ ವರ್ಷ ಹೋಗದೆ. ಇಪ್ಪತ್ತೈದು ವರ್ಷದ ಮೇಲೆ ಅಸಲು ಬ್ಯಾಂಕಿನಲ್ಲೇ ಇರುತ್ತದೆ. ರೂಮಿನ ಬಾಡಿಗೆಯೂ ಏರುತ್ತದಲ್ಲ ಎಂದು ಮಾರುವವನು ಹೇಳುತ್ತಾನೆ. ಏರುತ್ತದೆ, ಸರಿ. ಏರಿದಾಗ ಅಗ್ಗದ ರೂಮಿಗೆ ಹೋಗುವ ಸ್ವಾತಂತ್ರ್ಯ ಬಾಡಿಗೆಯವನಿಗೆ ಉಂಟು, ಸದಸ್ಯನಿಗೆ ಇಲ್ಲ. 2020ರಲ್ಲಿ ಲಾಕ್‌ಡೌನು ಬಂದು ರಿಸಾರ್ಟುಗಳೆಲ್ಲ ಬಾಗಿಲು ಹಾಕಿದಾಗ ಬಾಡಿಗೆಯವನು ಮನೆಯಲ್ಲಿ ಕುಳಿತ, ಅವನಿಗೆ ಖರ್ಚಿಲ್ಲ. ಒಪ್ಪಂದ ಮಾಡಿಕೊಂಡವನ ಒಪ್ಪಂದ ಮಾತ್ರ ಬಾಗಿಲು ಹಾಕಲಿಲ್ಲ.

ಇದು ಹೊಂದುವ ಜನರೂ ಇದ್ದಾರೆ, ಅದನ್ನೂ ಹೇಳಬೇಕು. ವರ್ಷಕ್ಕೊಮ್ಮೆ ತಪ್ಪದೆ ಹೋಗುವವರು, ಮಕ್ಕಳು ದೊಡ್ಡವರಾಗಿ ಸ್ಕೂಲಿನ ಹಂಗಿಲ್ಲದ ನಿವೃತ್ತರು, ವರ್ಷದ ಮೊದಲೇ ದಿನ ಗೊತ್ತುಮಾಡಿ ಬುಕ್ ಮಾಡುವ ಶಿಸ್ತಿರುವವರು. ಅಂಥವರು ಇಪ್ಪತ್ತು ವರ್ಷದಿಂದ ಸುಖವಾಗಿ ಹೋಗಿ ಬರುತ್ತಿರುವುದೂ ಉಂಟು. ಅವರಿಗೆ ಸರಕು ಸರಿ. ಆ ಸರಕನ್ನು ಎಲ್ಲರಿಗೂ ಒಂದೇ ಮಾತಿನಲ್ಲಿ ಮಾರುತ್ತಿರುವುದು ತಪ್ಪು.

ಇನ್ನೊಂದು ಜಾತಿಯ ವ್ಯಾಪಾರದ ಬಗ್ಗೆ ಬೇರೆಯೇ ಎಚ್ಚರ ಬೇಕು. ರಜೆಯ ಹೆಸರು, ಒಳಗೆ ಠೇವಣಿ. ಕಂತು ಕಟ್ಟಿ, ರೂಮು ಬೇಡವಾದರೆ ಇಷ್ಟು ವರ್ಷದ ಮೇಲೆ ಹೆಚ್ಚಿಗೆ ಸೇರಿಸಿ ಹಣ ವಾಪಸ್ ಕೊಡುತ್ತೇವೆ ಎನ್ನುವುದು. ಮುಂಬಯಿಯ ರಾಯಲ್ ಟ್ವಿಂಕಲ್ ಸ್ಟಾರ್ ಕ್ಲಬ್ ಎಂಬ ಕಂಪೆನಿ ಇದೇ ರೀತಿ ಟೈಮ್‌ಶೇರ್ ಯೋಜನೆಯ ಹೆಸರಿನಲ್ಲಿ ಜನರಿಂದ ಹಣ ಎತ್ತಿತು. ಇದು ರಜೆಯ ಯೋಜನೆಯಲ್ಲ, ಪರವಾನಗಿಯಿಲ್ಲದ ಸಾಮೂಹಿಕ ಹೂಡಿಕೆ ಎಂದು ಹೇಳಿ ಸೆಬಿ 2015ರಲ್ಲಿ ಹಣ ವಾಪಸ್ ಮಾಡಲು ಆಜ್ಞೆ ಮಾಡಿತು. ಆಜ್ಞೆ ಬೇಗ ಬರುತ್ತದೆ, ಹಣ ಬೇಗ ಬರುವುದಿಲ್ಲ. ರೂಮಿನ ಮಾತಿನ ನಡುವೆ ಬಡ್ಡಿಯ ಮಾತು ಬಂತೆಂದರೆ ಚಾ ಅರ್ಧಕ್ಕೇ ಬಿಟ್ಟು ಏಳುವುದು ಲೇಸು.

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ಯೂರೋಪಿನಲ್ಲಿ 2008ರ ಕಾನೂನಿನ ಪ್ರಕಾರ ಟೈಮ್‌ಶೇರಿಗೆ ಸಹಿ ಹಾಕಿದವನು ಹದಿನಾಲ್ಕು ದಿನದೊಳಗೆ ಯಾವ ಕಾರಣವನ್ನೂ ಹೇಳದೆ ರದ್ದು ಮಾಡಬಹುದು. ಆ ಹದಿನಾಲ್ಕು ದಿನ ಮಾರುವವನು ಒಂದು ಬಿಡಿಕಾಸೂ ಮುಂಗಡ ಮುಟ್ಟುವಂತಿಲ್ಲ. ಅಮೆರಿಕೆಯ ಫ್ಲೋರಿಡಾದಲ್ಲಿ ಹತ್ತು ದಿನದ ಅವಕಾಶವಿದೆ. ಭಾರತದಲ್ಲಿ ಟೈಮ್‌ಶೇರಿಗೆಂದೇ ಒಂದು ಕಾನೂನಿಲ್ಲ. ಕೆಲವು ಕಂಪೆನಿಗಳು ತಾವಾಗಿಯೇ ಹತ್ತು ದಿನದ ಅವಧಿ ಬರೆದಿರುತ್ತವೆ, ಅದನ್ನು ಮೇಜಿನ ಮೇಲೆ ಬಾಯಿಬಿಟ್ಟು ಹೇಳುವವರು ಕಡಿಮೆ. ಸಹಿಯ ಮೇಲೆ ಹದಿನಾಲ್ಕು ರಾತ್ರಿ ಮನೆಯಲ್ಲಿ ಮಲಗಿ ಯೋಚಿಸುವ ಹಕ್ಕನ್ನು ಇಲ್ಲಿಯೂ ಕಾನೂನು ಕೊಡಬೇಕು. ವಾರ್ಷಿಕ ಶುಲ್ಕ ಹಿಂದಿನ ಐದು ವರ್ಷ ಎಷ್ಟೆಷ್ಟು ಏರಿದೆ, ಹಿಂದಿನ ವರ್ಷ ಏಪ್ರಿಲ್ ಮೇಯಲ್ಲಿ ಕೇಳಿದ ಸದಸ್ಯರಲ್ಲಿ ಎಷ್ಟು ಮಂದಿಗೆ ಜಾಗ ಸಿಕ್ಕಿತು ಎಂಬುದನ್ನು ಕನ್ನಡದಲ್ಲಿ, ಕಾಣುವ ಅಕ್ಷರದಲ್ಲಿ ಮೊದಲ ಪುಟದಲ್ಲೇ ಅಚ್ಚು ಹಾಕುವಂತೆ ಮಾಡಬೇಕು. ಬೀಡಿ ಕಟ್ಟಿನ ಮೇಲೆ ಎಚ್ಚರಿಕೆ ಹಾಕಿಸಿದ ಸರ್ಕಾರಕ್ಕೆ ಇದೇನು ದೊಡ್ಡ ಕೆಲಸವಲ್ಲ. ಸಂಸದರೂ ಶಾಸಕರೂ ಈ ದಾರಿಯಲ್ಲೇ ಕೊಲ್ಲೂರಿಗೆ ಹೋಗುತ್ತಾರೆ, ಯಡ್ತರೆಯಲ್ಲಿ ಗಾಡಿ ನಿಲ್ಲಿಸಿದಾಗ ಕೇಳುವವರು ಬೇಕು.

ಅಲ್ಲಿವರೆಗೆ ಇರುವ ಆಧಾರ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಒಪ್ಪಂದದ ಕಾಗದದಲ್ಲಿ ‘ತಕರಾರೆಲ್ಲ ಚೆನ್ನೈ ಅಥವಾ ಮುಂಬಯಿಯಲ್ಲಿ’ ಎಂದೋ ‘ಪಂಚಾಯ್ತಿದಾರರ ಮುಂದೆ’ ಎಂದೋ ಬರೆದಿರುವುದನ್ನು ನೋಡಿ ಜನ ಕೈಚೆಲ್ಲುತ್ತಾರೆ. ಹೆದರಬೇಕಾಗಿಲ್ಲ. ಕೊಂಡವನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು ಈ ಕಾಯಿದೆ ಹೇಳುತ್ತದೆ, ಅಂದರೆ ಯಡ್ತರೆಯವನಿಗೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ. ಪಂಚಾಯ್ತಿಯ ಷರತ್ತು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟೇ ಆಗಬೇಕೆಂದೂ ಇಲ್ಲ. ಮೊದಲು 1915 ನಂಬರಿಗೆ ಫೋನು ಮಾಡಿ ಹೇಳಿಕೊಳ್ಳುವುದಕ್ಕೂ ಅವಕಾಶವಿದೆ. ಆದರೆ ಆಯೋಗದ ಮುಂದೆ ಬಾಯಿಮಾತು ನಡೆಯುವುದು ಕಷ್ಟ. ‘ಮೇ ತಿಂಗಳಲ್ಲಿ ಗ್ಯಾರಂಟಿ’ ಎಂದು ಹೇಳಿದವನಿಂದ ಅದನ್ನೇ ಒಂದು ಚೀಟಿಯಲ್ಲಿ ಬರೆಸಿ ಸಹಿ ತೆಗೆದುಕೊಳ್ಳಿ. ಬರೆದು ಕೊಡಲು ಒಪ್ಪದಿದ್ದರೆ ಆ ಮಾತಿನ ತೂಕ ಅಲ್ಲೇ ಗೊತ್ತಾಯಿತು. ರೂಮು ಕೇಳಿದ್ದಕ್ಕೂ ಇಲ್ಲವೆಂದದ್ದಕ್ಕೂ ಫೋನಿನ ಬದಲು ಇ-ಮೇಲ್ ಇರಲಿ.

ಸದಸ್ಯರಾಗಿ ಬೇಸತ್ತವರಿಗೆ ಈಗ ಇನ್ನೊಂದು ಬಗೆಯ ಫೋನು ಬರುವುದುಂಟು. ‘ನಿಮ್ಮ ಹಳೆಯ ಸದಸ್ಯತ್ವಕ್ಕೆ ಗಿರಾಕಿ ಸಿಕ್ಕಿದ್ದಾನೆ, ಕೊಟ್ಟದ್ದಕ್ಕಿಂತ ಹೆಚ್ಚು ಕೊಡುತ್ತಾನೆ, ಕಾಗದಪತ್ರದ ಖರ್ಚಿಗೆ ಮೊದಲು ಇಷ್ಟು ಸಾವಿರ ಕಳಿಸಿ.’ ಹಳೆ ಸದಸ್ಯತ್ವಕ್ಕೆ ಮಾರುಕಟ್ಟೆ ಎಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹೆಚ್ಚು ಬೆಲೆಯಂತೂ ದೂರದ ಮಾತು. ಕಳಿಸಿದ ಸಾವಿರ ಹೋಯಿತು, ಗಿರಾಕಿಯೂ ಹೋದ. ಈ ಫೋನು ಬಂದವರು 1930ಕ್ಕೆ ದೂರು ಕೊಡಬೇಕು, ಸೈಬರ್ ವಂಚನೆಯ ನಂಬರು ಅದು. ಹಣ ಕಳಿಸಿಯಾಗಿದ್ದರೆ ತಡಮಾಡದೆ ಅದೇ ದಿನ. ಒಪ್ಪಂದದ ತಕರಾರಿಗಾದರೆ ಗ್ರಾಹಕ ಆಯೋಗದಲ್ಲಿ ಎರಡು ವರ್ಷದ ಗಡುವಿದೆ. ‘ಮುಂದಿನ ಸೀಸನ್ನಿಗೆ ನೋಡುವ ಸಾರ್’ ಎಂದು ಕಂಪೆನಿಯವರು ಹೇಳುತ್ತಾ ಹೋಗುವುದು ಆ ಎರಡು ವರ್ಷದೊಳಗೇ.